ಎಣ್ಣೆಯ ಧಾರೆ, ಹುರಿದ ಬೀಜ

ನಮ್ಮ ಮನೆಯಲ್ಲಿ ಧ್ಯಾನ ಅನ್ನೋ ಮಾತನ್ನು ಯಾರೂ ಆಡುತ್ತಿರಲಿಲ್ಲ. "ಮುತ್ಯಾ ಪೂಜೆಗೆ ಕುಂತಾನ" ಅನ್ನುತ್ತಿದ್ದರು, ಅಷ್ಟೇ. ಮುತ್ಯಾ ಅಂದರೆ ನಮ್ಮ ಕಡೆ ಅಜ್ಜ.

ನಸುಕಿನಲ್ಲಿ ಎದ್ದು, ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಮುತ್ಯಾ ಪಡಸಾಲೆಯ ಮೂಲೆಯಲ್ಲಿ ಕರಿ ಕಂಬಳಿ ಮಡಚಿ ಹಾಸಿಕೊಂಡು ಕೂರುತ್ತಿದ್ದ. ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ಒಂದಿಷ್ಟು ನೀರು, ವಿಭೂತಿ, ಒಂದು ಬಿಲ್ವಪತ್ರೆ. ಅದೆಲ್ಲ ಐದು ನಿಮಿಷದ ಕೆಲಸ. ಆಮೇಲೆ ಆ ಕೈಯನ್ನು ಮುಖದ ಎದುರಿಗೆ ತಂದು ನೋಡುತ್ತಾ ಕೂತುಬಿಡುತ್ತಿದ್ದ. ಲಿಂಗದ ನುಣುಪಾದ ಕಪ್ಪು ಮೈಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ನಿಂತಿರುತ್ತಿತ್ತು. ಕಣ್ಣು ಅರ್ಧ ತೆರೆದಿರುತ್ತಿದ್ದವು. ರೆಪ್ಪೆ ಬಡಿಯುವುದು ಕಡಿಮೆಯಾಗುತ್ತಾ ಹೋಗುತ್ತಿತ್ತು. ನಾನು ಬಾಗಿಲ ಬಳಿ ಕೌದಿ ಹೊದ್ದುಕೊಂಡು ಅದನ್ನೇ ನೋಡುತ್ತಿದ್ದೆ.

ಒಂದು ದಿನ ಕೇಳಿದೆ. "ಮುತ್ಯಾ, ಅಷ್ಟೊತ್ತು ಏನ್ ನೋಡ್ತಿ?"

"ಏನೂ ಇಲ್ಲವ್ವಾ. ಮನಸ್ಸು ಹೊಂಟ್ರ ಕರಕೊಂಡ ಬರ್ತೀನಿ."

"ಮತ್ತ ಹೋದ್ರ?"

"ಮತ್ತ ಕರಕೊಂಡ ಬರೂದು. ಕರು ಮಂದಿ ಹೊಲಕ್ಕ ಹೊಕ್ರ ಹೊಡೀತಿಯೇನು? ಹಗ್ಗ ಹಿಡದ ತರ್ತಿ."

ಇದನ್ನು ಕೇಳಿದಾಗ ನನಗೆ ಒಂಬತ್ತು ವರ್ಷ. ಅದು ಎಷ್ಟು ದೊಡ್ಡ ಮಾತು ಅಂತ ತಿಳಿಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ನಾನು ಕೂರಲು ಶುರು ಮಾಡಿದ್ದು ನಿದ್ದೆಗಾಗಿ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಮಾರ್ಚ್ ಬಂತೆಂದರೆ ರಾತ್ರಿ ಎರಡಕ್ಕೆ ಎಚ್ಚರವಾಗಿ ಲೆಕ್ಕಗಳು ತಲೆಯಲ್ಲಿ ತಿರುಗುತ್ತಿದ್ದವು. ಯಾರೋ ಒಂದು ಆಪ್ ಹೇಳಿದರು. ಹತ್ತು ನಿಮಿಷ, ಶುರುವಿಗೆ ಗಂಟೆ ಬಾರಿಸಿದ ಸದ್ದು, ಆಮೇಲೆ ಮೆಲ್ಲಗೆ ಮಾತಾಡುವ ಒಂದು ದನಿ. ಉಪಯೋಗ ಆಗಲಿಲ್ಲ ಅನ್ನಲಾರೆ. ನಿದ್ದೆ ಬಂತು. ಆದರೆ ಏಳೆಂಟು ತಿಂಗಳಾದ ಮೇಲೆ ಎಲ್ಲೋ ಸಿಕ್ಕಿಹಾಕಿಕೊಂಡೆ. ಮನಸ್ಸು ಶಾಂತವಾಗಿದ್ದ ದಿನ ಖುಷಿ. ಇಲ್ಲದ ದಿನ ಬೇಜಾರು. ಬೆಳಿಗ್ಗೆ ಕೂತ ಕೂಡಲೇ 'ಇವತ್ತು ಹೇಗೆ ಆಗುತ್ತೋ' ಅನ್ನುವ ಆತಂಕವೇ ಶುರುವಾಗುತ್ತಿತ್ತು. ಶಾಂತಿಗಾಗಿ ಕೂತು ಶಾಂತಿಯ ಚಿಂತೆ ಹಚ್ಚಿಕೊಂಡಿದ್ದೆ. ಕೊನೆಗೆ ಬಿಟ್ಟೆ.

ಮತ್ತೆ ಶುರುವಾಗಿದ್ದು ಓದಿನಿಂದ. ನಮ್ಮ ಬೀದಿಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರಿದ್ದಾರೆ. ಭಾನುವಾರ ಬೆಳಿಗ್ಗೆ ಅವರ ಮನೆ ಟೆರೇಸಿನಲ್ಲಿ ಆರು ಜನ ಸೇರಿ ಪತಂಜಲಿಯ ಯೋಗಸೂತ್ರ ಓದಿದೆವು. ವಾರಕ್ಕೆ ಒಂದು ಸೂತ್ರ, ಜಾಸ್ತಿ ಇಲ್ಲ. ಒಟ್ಟು 195 ಸೂತ್ರ, ಕೆಲವು ಪ್ರತಿಗಳಲ್ಲಿ 196. ನಾಲ್ಕು ವರ್ಷದ ಹತ್ತಿರ ಹಿಡಿಯಿತು.

ಅಷ್ಟು ಸೂತ್ರಗಳಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ ಅಂತ ತಿಳಿದು ಎಲ್ಲರಿಗೂ ಆಶ್ಚರ್ಯ. ಸ್ಥಿರವಾಗಿರಲಿ, ಸುಖವಾಗಿರಲಿ, ಇಷ್ಟೇ ಸಾರ. ಇವತ್ತು ಯೋಗ ಅಂದರೆ ಆಸನವೇ ಕಣ್ಣ ಮುಂದೆ ಬರುವುದಕ್ಕೆ ನಮ್ಮ ಮೈಸೂರಿನ ಪಾಲೂ ದೊಡ್ಡದು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಕಲಿಸಿದರು. ಅವರಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಅದನ್ನು ಜಗತ್ತಿಗೆ ಮುಟ್ಟಿಸಿದರು. ಅದೂ ದೊಡ್ಡ ಕೆಲಸವೇ. ಮೈ ನೆಟ್ಟಗಿರದೆ ಮನಸ್ಸು ಕೂರುವುದು ಕಷ್ಟ. ಆದರೆ ಆಸನ ಮನೆಯ ಹೊಸ್ತಿಲು. ಒಳಗೆ ಏನಿದೆ ಅನ್ನುವುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಪತಂಜಲಿ ಶುರುವಿನಲ್ಲೇ ಉತ್ತರ ಕೊಟ್ಟುಬಿಡುತ್ತಾರೆ. ಎರಡನೆಯ ಸೂತ್ರ ಬಹಳ ಜನಕ್ಕೆ ಗೊತ್ತು. 'ಯೋಗಶ್ಚಿತ್ತವೃತ್ತಿನಿರೋಧಃ.' ಚಿತ್ತದ ಅಲೆಗಳು ನಿಲ್ಲುವುದೇ ಯೋಗ. ಬಹುಪಾಲು ಮಂದಿ ಅಲ್ಲಿಗೇ ನಿಲ್ಲುತ್ತಾರೆ. ನಾನೂ ನಿಂತಿದ್ದೆ. ಅಲೆ ನಿಲ್ಲಬೇಕು, ನಿಲ್ಲಲಿಲ್ಲ, ಹಾಗಾದರೆ ನಾನು ಸೋತೆ. ಆದರೆ ಅಲೆ ಯಾಕೆ ನಿಲ್ಲಬೇಕು ಅನ್ನುವುದು ಮೂರನೆಯ ಸೂತ್ರದಲ್ಲಿದೆ: ಆಗ ನೋಡುವವನು ತನ್ನ ಸ್ವಂತ ರೂಪದಲ್ಲಿ ನೆಲೆ ನಿಲ್ಲುತ್ತಾನೆ. ನಾಲ್ಕನೆಯದು ಇನ್ನೂ ಹತ್ತಿರದ ಮಾತು. ಉಳಿದ ಹೊತ್ತಿನಲ್ಲಿ ಅವನು ಆ ಅಲೆಗಳ ಹಾಗೇ ಆಗಿರುತ್ತಾನೆ.

ಆ ನಾಲ್ಕನೆಯ ಸೂತ್ರದ ದಿನ ಮೇಷ್ಟ್ರು ಒಂದು ಮಾತು ಹೇಳಿದರು. "ಕನ್ನಡದಲ್ಲಿ ಸಿಟ್ಟಾದಾಗ ಏನಂತೀವಿ?"

"ಸಿಟ್ಟು ಬಂತು ಅಂತೀವಿ ಸಾರ್."

"ಯಾರಿಗೆ ಬಂತು?"

"ನನಗೆ."

"ಹಾಗಾದ್ರೆ ಸಿಟ್ಟು ಬೇರೆ, ನೀವು ಬೇರೆ ಅಂತ ಆಯ್ತಲ್ಲ."

ಟೆರೇಸಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಭಾಷೆಯಲ್ಲಿ ಎಲ್ಲವೂ ಹಾಗೇ ಅಲ್ವಾ? ನನಗೆ ಸಿಟ್ಟು ಬಂತು. ನನಗೆ ಅಳು ಬಂತು. ನಿದ್ದೆ ಬಂತು. ನೆನಪಾಯಿತು. ಹೆದರಿಕೆ ಆಯಿತು. ಎಲ್ಲವೂ ಹೊರಗಿನಿಂದ ಬರುವ ನೆಂಟರು. ಮನೆಯಲ್ಲಿ ಇರುವವರು ಯಾರು? ದಿನಕ್ಕೆ ನೂರು ಸಲ 'ನನಗೆ' ಅನ್ನುತ್ತೇವೆ. ಅದರ ಕಡೆಗೆ ತಿರುಗಿ ನೋಡುವುದೇ ಇಲ್ಲ. ಬಂದ ನೆಂಟರ ಹಿಂದೆಯೇ ಹೊರಟುಬಿಡುತ್ತೇವೆ. ಧ್ಯಾನದ ಉದ್ದೇಶ ಏನು ಅಂತ ಯಾರಾದರೂ ಕೇಳಿದರೆ ಇವತ್ತಿಗೂ ನಾನು ಇದನ್ನೇ ಹೇಳುತ್ತೇನೆ. ಆ 'ನನಗೆ' ಯಾರು ಅಂತ ನೋಡಲು ಕೂರುವುದು. ಶಾಂತಿ ಸಿಗುತ್ತದೆ, ನಿದ್ದೆ ಬರುತ್ತದೆ, ಬಿಪಿ ಇಳಿದರೂ ಇಳಿಯಬಹುದು. ಅವು ದಾರಿಯಲ್ಲಿ ಸಿಗುವ ನೆರಳು. ನೆರಳಿಗೆಂದೇ ಹೊರಟವರು ನೆರಳು ಸಿಗದ ದಿನ ನನ್ನ ಹಾಗೆ ವಾಪಸ್ಸಾಗುತ್ತಾರೆ.

ಇನ್ನು ಅಭ್ಯಾಸ. ಇಲ್ಲಿಯೂ ನಾನು ಒಂದು ತಪ್ಪು ತಿಳಿದುಕೊಂಡಿದ್ದೆ. ಧ್ಯಾನ ಅನ್ನುವುದು ನಾವು ಮಾಡುವ ಕೆಲಸ ಅಂದುಕೊಂಡಿದ್ದೆ. ಮೂರನೆಯ ಪಾದದ, ಅಂದರೆ ಅಧ್ಯಾಯದ, ಮೊದಲ ಎರಡು ಸೂತ್ರ ಓದಿದಾಗ ಅದು ಬಿಡಿಸಿಕೊಂಡಿತು. ಚಿತ್ತವನ್ನು ಒಂದು ಕಡೆ ಕಟ್ಟುವುದು ಧಾರಣೆ. ಅಲ್ಲಿ ಅದೇ ಅರಿವು ಕಡಿಯದೆ ಹರಿದರೆ ಧ್ಯಾನ. ಕಟ್ಟುವುದು ನಮ್ಮ ಕೈಯಲ್ಲಿದೆ. ಹರಿಯುವುದು ನಮ್ಮ ಕೈಯಲ್ಲಿಲ್ಲ. ಅಂದರೆ ನಾವು ದಿನವೂ ಮಾಡುವುದು ಧಾರಣೆ. ಧ್ಯಾನ ಆಗುವಂಥದ್ದು.

ಈ ವ್ಯತ್ಯಾಸ ಹೇಳಲು ಹಿರಿಯರು ಒಂದು ಹೋಲಿಕೆ ಕೊಡುತ್ತಾರೆ. ಧಾರಣೆ ಹನಿ ಹನಿಯಾಗಿ ಬೀಳುವ ನೀರು, ಧ್ಯಾನ ಎಣ್ಣೆಯ ಧಾರೆ. ರಾಮಾನುಜರೂ ಧ್ಯಾನವನ್ನು ಕಡಿಯದ ಎಣ್ಣೆಯ ಧಾರೆಗೆ ಹೋಲಿಸಿದ್ದಾರೆ. ಮೇಷ್ಟ್ರು ಇದನ್ನು ಹೇಳುತ್ತಿದ್ದಂತೆ ನಾನು ನಮ್ಮ ಮನೆಯ ಗಾಣದ ಮುಂದೆ ನಿಂತಿದ್ದೆ.

ನಮ್ಮದು ಗಾಣಿಗರ ಮನೆ. ಊರ ಮಂದಿ ಕುಸುಬಿ, ಶೇಂಗಾ ತಂದು ಎಣ್ಣೆ ತೆಗೆಸಿಕೊಂಡು ಹೋಗುತ್ತಿದ್ದರು. ಹಿಂಡಿ ದನಕ್ಕೆ. ಮುತ್ಯಾ ಎಣ್ಣೆ ಅಳೆದು ಕೊಡುವುದನ್ನು ನೋಡಲು ನನಗೆ ಬಹಳ ಇಷ್ಟ. ಬಂದವರ ತಂಬಿಗೆಯನ್ನು ನೆಲಕ್ಕಿಟ್ಟು, ಅಳತೆಯ ಪಾತ್ರೆಯನ್ನು ಮೊಳದೆತ್ತರಕ್ಕೆ ಹಿಡಿದು ಬಗ್ಗಿಸುತ್ತಿದ್ದ. ಎಣ್ಣೆ ಮೊದಲು ಬಾಯಂಚಿನಲ್ಲಿ ಒಂದು ಕ್ಷಣ ತಡೆದು ದಪ್ಪಗಾಗುತ್ತಿತ್ತು. ಆಮೇಲೆ ಜಾರಿ, ಒಂದು ಹೊಂಬಣ್ಣದ ದಾರದ ಹಾಗೆ ಇಳಿಯುತ್ತಿತ್ತು. ಸಪ್ಪಳ ಇಲ್ಲ. ಅಲುಗಾಟ ಇಲ್ಲ. ಇಳಿಯುತ್ತಿದೆಯೋ, ಸುಮ್ನೆ ನಿಂತಿದೆಯೋ ಅಂತ ಗೊತ್ತಾಗುತ್ತಿರಲಿಲ್ಲ. ತಂಬಿಗೆ ತುಂಬುತ್ತಾ ಬಂದಾಗ ಮಾತ್ರ ಅದು ಹರಿಯುತ್ತಿದೆ ಅಂತ ತಿಳಿಯುತ್ತಿತ್ತು.

ಹತ್ತು ವರ್ಷದ ಅಭ್ಯಾಸದಲ್ಲಿ ಅಂಥ ಹರಿವು ನನಗೆ ಎಷ್ಟು ಸಲ ಸಿಕ್ಕಿದೆ? ಬೆರಳಲ್ಲಿ ಎಣಿಸುವಷ್ಟು. ಅದೂ ಮುಗಿದ ಮೇಲೆಯೇ ತಿಳಿದದ್ದು. 'ಈಗ ಆಗುತ್ತಿದೆ' ಅಂದುಕೊಂಡ ಗಳಿಗೆಯಲ್ಲೇ ಅದು ಹನಿಯಾಗಿ ಒಡೆದಿರುತ್ತದೆ. ಇದರ ಬಗ್ಗೆ ಈಗ ನನಗೆ ಬೇಸರ ಇಲ್ಲ. ಪಾತ್ರೆ ಬಗ್ಗಿಸಿ ಹಿಡಿಯುವುದಷ್ಟೇ ನನ್ನ ಕೆಲಸ. ಮುತ್ಯಾನ ಮಾತಿನಲ್ಲಿ ಹೇಳುವುದಾದರೆ, ಕರುವಿನ ಹಗ್ಗ ಹಿಡಿದು ತರುವುದು. ಗೀತೆಯ ಆರನೆಯ ಅಧ್ಯಾಯವೂ ಅದನ್ನೇ ಹೇಳುತ್ತದೆ. ಚಂಚಲ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಹಿಡಿದು ತಂದು ಆತ್ಮದಲ್ಲಿ ನಿಲ್ಲಿಸು ಅಂತ. ಮನಸ್ಸು ಹೋಗಬಾರದು ಅಂತ ಎಲ್ಲೂ ಹೇಳಿಲ್ಲ. ಇಪ್ಪತ್ತು ನಿಮಿಷದಲ್ಲಿ ಐವತ್ತು ಸಲ ಹೋದರೆ ಐವತ್ತು ಸಲ ತರುವುದೇ ಆ ದಿನದ ಸಾಧನೆ.

ಇಷ್ಟಾದರೂ ಕೂತು ಆಗುವುದೇನು? ಇದನ್ನು ಸ್ವಂತ ಅನುಭವದಿಂದಲೇ ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಊರಿನ ಮನೆ ಮತ್ತು ಗಾಣದ ಜಾಗದ ವಿಷಯ ಬಂತು. ಅಣ್ಣ ಒಂದು ಹಕ್ಕುಬಿಡುಗಡೆ ಪತ್ರ ಕಳಿಸಿ ಸಹಿ ಮಾಡು ಅಂದ. ನಾನು ಮಾಡಲಿಲ್ಲ. ಫೋನಿನಲ್ಲಿ ಜಗಳ ಆಯಿತು. "ನೀ ಈಗ ಹೊರಗಿನಾಕಿ" ಅಂದುಬಿಟ್ಟ. ಮೂರು ವರ್ಷ ಮಾತಿರಲಿಲ್ಲ.

ಆ ಮೂರು ವರ್ಷ ನಾನು ಬೆಳಿಗ್ಗೆ ಕೂತಾಗೆಲ್ಲ ಆ ಮಾತು ಬರುತ್ತಿತ್ತು. ಮೊದಮೊದಲು ಅದು ಬಂದ ಕೂಡಲೇ ನಾನು ಅವನ ಜೊತೆ ವಾದಕ್ಕೆ ಇಳಿದುಬಿಡುತ್ತಿದ್ದೆ. ಒಳಗೇ ಇಡೀ ಪಂಚಾಯ್ತಿ. ಗಂಟೆ ಹೊಡೆದಾಗ ಬೆನ್ನು ಬೆವೆತಿರುತ್ತಿತ್ತು. ಆದರೂ ಬಿಡದೆ ಕೂತೆ. ಒಂದು ವರ್ಷ ಕಳೆದಿರಬೇಕು. ಒಂದು ದಿನ ಕಂಡಿತು. ಮೊದಲು ಆ ಮಾತು ಬರುತ್ತದೆ. ಆಮೇಲೆ ಎದೆಯ ಕೆಳಗೆ ಏನೋ ಬಿಗಿಯುತ್ತದೆ. ಆಮೇಲೆ ನನ್ನ ಉತ್ತರ ಹುಟ್ಟುತ್ತದೆ. ಮೂರೂ ಒಂದೇ ಅಂದುಕೊಂಡಿದ್ದೆ. ಅವುಗಳ ನಡುವೆ ಕೂದಲೆಳೆಯಷ್ಟು ಸಂದು ಇತ್ತು. ಆ ಸಂದಿನಲ್ಲಿ ನಿಲ್ಲಲು ಬರುತ್ತದೆ ಅಂತ ಆವತ್ತು ತಿಳಿಯಿತು. ಬಿಗಿಯುವುದನ್ನು ಸುಮ್ನೆ ನೋಡಿದೆ. ಅದರ ಕೆಳಗೆ ಇದ್ದದ್ದು ಜಾಗದ ಆಸೆ ಅಲ್ಲ. ಇನ್ನು ನನಗೆ ಹೋಗಲು ಒಂದು ಊರು ಇಲ್ಲವೇನೋ ಅನ್ನುವ ಹೆದರಿಕೆ.

ಪತಂಜಲಿ ಐದು ಕ್ಲೇಶಗಳನ್ನು ಹೇಳುತ್ತಾರೆ. ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ತಿಳಿಯದಿರುವುದು, ನಾನು ಅನ್ನುವುದು, ಬೇಕು ಅನ್ನುವುದು, ಬೇಡ ಅನ್ನುವುದು, ಬದುಕಿಗೆ ಅಂಟಿಕೊಂಡು ಸಾವಿಗೆ ಹೆದರುವುದು. ಇವು ಕೆಲವು ಸಲ ಮಲಗಿರುತ್ತವೆ, ಕೆಲವು ಸಲ ತೆಳುವಾಗಿರುತ್ತವೆ, ಕೆಲವು ಸಲ ಬೇರೊಂದರ ಹಿಂದೆ ಅಡಗಿರುತ್ತವೆ, ಕೆಲವು ಸಲ ತುಂಬಿ ಹರಿಯುತ್ತವೆ. ನಂಟರ ಮದುವೆಯಲ್ಲಿ ಅಣ್ಣನ ಪಕ್ಕದಲ್ಲೇ ನಗುತ್ತಾ ಫೋಟೋಕ್ಕೆ ನಿಂತಾಗ ನನ್ನ ದ್ವೇಷ ಹೋಗಿರಲಿಲ್ಲ, ಅಡಗಿತ್ತು. ಈ ಕ್ಲೇಶಗಳ ಅಲೆಗಳನ್ನು ಧ್ಯಾನದಿಂದ ಕಳೆಯಬೇಕು ಅಂತ ಎರಡನೆಯ ಪಾದದ 11ನೆಯ ಸೂತ್ರ ನೇರವಾಗಿ ಹೇಳುತ್ತದೆ. ಧ್ಯಾನ ಯಾಕೆ ಅನ್ನುವುದಕ್ಕೆ ನನಗೆ ಸಿಕ್ಕ ಅತ್ಯಂತ ಉಪಯೋಗದ ಉತ್ತರ ಇದು.

ಯೋಗಸೂತ್ರಕ್ಕೆ ಇರುವ ಹಳೆಯ ವ್ಯಾಖ್ಯಾನ ವ್ಯಾಸಭಾಷ್ಯದಲ್ಲಿ ಇದಕ್ಕೆ ಸುಟ್ಟ ಬೀಜದ ಹೋಲಿಕೆ ಇದೆ. ಬೀಜ ಇರುತ್ತದೆ, ಆದರೆ ಮೊಳೆಯುವುದಿಲ್ಲ. ನಮ್ಮ ಕಡೆ ಅವ್ವ ಬಾಣಲೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಸಣ್ಣ ಉರಿ, ಕೈ ಬಿಡದೆ ಆಡಿಸಬೇಕು. ಉರಿ ಜಾಸ್ತಿ ಮಾಡಿದರೆ ಹೊರಗೆ ಕರಕು, ಒಳಗೆ ಹಸಿ. ಹುರಿದ ಶೇಂಗಾ ನೋಡಲು ಶೇಂಗಾದ ಹಾಗೇ ಇರುತ್ತದೆ. ಬಿತ್ತಿದರೆ ಮಾತ್ರ ಹುಟ್ಟುವುದಿಲ್ಲ. ಅಣ್ಣನ ಮಾತು ಇವತ್ತಿಗೂ ಬೆಳಿಗ್ಗೆ ಒಮ್ಮೊಮ್ಮೆ ಬರುತ್ತದೆ. ಅದರಿಂದ ಜಗಳ ಹುಟ್ಟುವುದು ನಿಂತಿದೆ. ಪೂರ್ತಿ ಹುರಿದಿದೆ ಅನ್ನಲಾರೆ. ನನ್ನ ಉರಿ ಇನ್ನೂ ಸಣ್ಣದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಧ್ಯಾನ ಮಾಡುವವರು ಎಲ್ಲವನ್ನೂ ಬಿಟ್ಟುಕೊಡಬೇಕು, ಯಾರು ಏನಂದರೂ ನಗುತ್ತಿರಬೇಕು ಅಂತ ಕೆಲವರು ಹೇಳುತ್ತಾರೆ. ಹೆಣ್ಣುಮಕ್ಕಳಿಗಂತೂ ಇದನ್ನು ಜಾಸ್ತಿಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೊನೆಗೂ ನಾನು ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಊರಿಗೆ ಹೋಗಿ ಅಣ್ಣನ ಎದುರು ಕೂತು, "ನನ್ನ ಪಾಲು ನನಗ ಬೇಕು ಅಣ್ಣಾ, ಆದರ ನಿನ್ನ ಮ್ಯಾಲ ಸಿಟ್ಟಿಲ್ಲ" ಅಂದೆ. ದನಿ ನಡುಗಲಿಲ್ಲ. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅತ್ತಿಗೆಯನ್ನು ಕರೆದು ಚಹಾ ಮಾಡಲು ಹೇಳಿದ. ಕೂತಿದ್ದಕ್ಕೆ ನನಗೆ ಸಿಕ್ಕ ಫಲ ಅದು.

ಈಗ ಹೇಗೆ ಕೂರುತ್ತೇನೆ ಅಂತ ಬರೆಯುತ್ತೇನೆ. ಶುರು ಮಾಡುವವರಿಗೆ ಉಪಯೋಗವಾದೀತು. ಬೆಳಿಗ್ಗೆ ಐದೂಕಾಲು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂರುತ್ತೇನೆ. ಆಗ ಮೊಣಕಾಲು ಕೆಳಗಿಳಿದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಪದ್ಮಾಸನ ಹಾಕಲೇಬೇಕು ಅಂತ ಹಟ ಮಾಡಿ ಒಮ್ಮೆ ಮೊಣಕಾಲು ಕೆಡಿಸಿಕೊಂಡಿದ್ದೇನೆ. ಸುಖಾಸನ ಸಾಕು. ಮೈ, ಕೊರಳು, ತಲೆ ಒಂದೇ ಸಾಲಿನಲ್ಲಿರಲಿ ಅಂತ ಗೀತೆ ಹೇಳುತ್ತದೆ, ಅಷ್ಟಾದರೆ ಆಯಿತು. ಆಮೇಲೆ ಉಸಿರು. ದಿನಕ್ಕೆ 21,600 ಉಸಿರು ಅಂತ ಹಠಯೋಗದ ಗ್ರಂಥಗಳು ಲೆಕ್ಕ ಹಾಕಿವೆ, ನಿಮಿಷಕ್ಕೆ 15. ಅಷ್ಟೂ ಉಸಿರು 'ಹಂಸ, ಹಂಸ' ಅಂತ ತಾನೇ ಜಪ ಮಾಡುತ್ತಿದೆ, ನೀನು ಕೇಳಿಸಿಕೋ ಅನ್ನುವುದು ಆ ದಾರಿಯವರ ಮಾತು. ನಾನು ಐದು ನಿಮಿಷ ಸುಮ್ನೆ ಕೇಳಿಸಿಕೊಳ್ಳುತ್ತೇನೆ.

ಉಸಿರು ಹಿಡಿಯುವ ಸಾಹಸ ಮಾತ್ರ ಸ್ವಂತಕ್ಕೆ ಬೇಡ. ವಿಡಿಯೋ ನೋಡಿ ಕುಂಭಕ ಮಾಡಲು ಹೋಗಿ ಎರಡು ದಿನ ತಲೆ ಸುತ್ತಿ ಮಲಗಿದ್ದೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲಗೆ ಪಳಗಿಸುವಂತೆ ಪ್ರಾಣವಾಯುವನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ ಹಠಯೋಗ ಪ್ರದೀಪಿಕೆ ಎಚ್ಚರಿಸುತ್ತದೆ. ಇನ್ನೂ ಒಂದು. ಅವ್ವ ಹೋದ ಹೊಸದರಲ್ಲಿ ಕೂತಷ್ಟೂ ದುಃಖ ಉಕ್ಕುತ್ತಿತ್ತು, ಉಸಿರು ಕಟ್ಟುತ್ತಿತ್ತು. ಆಗ ಎರಡು ತಿಂಗಳು ಕೂರುವುದನ್ನು ಬಿಟ್ಟೆ. ಡಾಕ್ಟರ ಬಳಿ ಹೋದೆ, ಗೆಳತಿಯರ ಜೊತೆ ನಡೆದೆ, ಅತ್ತುಬಿಟ್ಟೆ. ಧ್ಯಾನ ಎಲ್ಲಕ್ಕೂ ಮದ್ದಲ್ಲ. ಇದನ್ನು ಹೇಳಿದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಯಾವುದರ ಮೇಲೆ ಮನಸ್ಸು ನಿಲ್ಲಿಸಬೇಕು? ಪತಂಜಲಿ ಉಸಿರು, ಬೆಳಕು ಅಂತ ಹಲವು ದಾರಿ ಹೇಳಿ ಕೊನೆಗೆ 'ನಿನಗೆ ಇಷ್ಟವಾದದ್ದರ ಮೇಲೆ' ಅನ್ನುತ್ತಾರೆ. ಎಷ್ಟು ದೊಡ್ಡ ಮನಸ್ಸು ಅನ್ನಿಸುತ್ತದೆ ನನಗೆ. ಆ ಸೂತ್ರ ಓದಿದ ವಾರವೇ ಕಪಾಟಿನ ಒಳಗಿದ್ದ ನನ್ನ ಇಷ್ಟಲಿಂಗವನ್ನು ಹೊರಗೆ ತೆಗೆದೆ. ಚಿಕ್ಕಂದಿನಲ್ಲಿ ಕಟ್ಟಿದ್ದು. ನಮ್ಮಲ್ಲಿ ಹೆಣ್ಣು ಗಂಡು ಅಂತ ಭೇದ ಇಲ್ಲದೆ ಲಿಂಗ ಕಟ್ಟುತ್ತಾರೆ. ಬೆಂಗಳೂರಿಗೆ ಬಂದ ಮೇಲೆ ಅದು ಒಂದು ಡಬ್ಬಿ ಸೇರಿತ್ತು. ಶಿವದಾರ ಹಳದಿಯಾಗಿ ಹೋಗಿತ್ತು. ಈಗ ಹೊಸ ದಾರ ಹಾಕಿದ್ದೇನೆ.

ಎರಡು ದಾರಿಗಳನ್ನೂ ಒಂದೇ ಅಂತ ಹೇಳಲು ನನಗೆ ಮನಸ್ಸಿಲ್ಲ. ಪತಂಜಲಿಯ ಕೊನೆ ಕೈವಲ್ಯ. ನೋಡುವವನು ತಾನು ನೋಡುವ ಎಲ್ಲದರಿಂದ ಪೂರ್ತಿ ಬೇರೆಯಾಗಿ ಒಬ್ಬನೇ ನಿಲ್ಲುವುದು. ಇಷ್ಟಲಿಂಗ ಹಿಡಿದು ಮಾಡುವ ಶಿವಯೋಗದ ಕೊನೆ ಲಿಂಗಾಂಗ ಸಾಮರಸ್ಯ, ಅಂದರೆ ಶಿವನೂ ಜೀವನೂ ಒಂದಾಗುವುದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತ ಆರು ಮೆಟ್ಟಿಲು ಹತ್ತಿ ಕೂಡಿಹೋಗುವುದು. ಒಂದು ಬಿಡಿಸಿಕೊಳ್ಳುವುದು, ಇನ್ನೊಂದು ಬೆರೆಯುವುದು. ಯಾವುದು ಸರಿ ಅಂತ ತೀರ್ಮಾನಿಸುವಷ್ಟು ದೂರ ನಾನು ಹೋಗಿಲ್ಲ. ಮನಸ್ಸಿನ ಒಲವು ಮಾತ್ರ ಬೆರೆಯುವ ಕಡೆಗೇ ಇದೆ. ಬಹುಶಃ ಮುತ್ಯಾನ ಮುಖ ನೋಡಿ ಬೆಳೆದದ್ದಕ್ಕೆ.

ಅಭಿನಿವೇಶದ ಸೂತ್ರ ಓದಿದ ಭಾನುವಾರ ಮೇಷ್ಟ್ರು, ಸಾವಿನ ಹೆದರಿಕೆ ತಿಳಿದವರನ್ನೂ ಬಿಡುವುದಿಲ್ಲ ಅಂದರು. ಸೂತ್ರದಲ್ಲೇ ಹಾಗಿದೆ. ನನಗೆ ಮುತ್ಯಾ ಹೋದ ದಿನ ನೆನಪಾಯಿತು. ನಾನು ಆಗ ಪಿಯುಸಿ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಹೊಲದಲ್ಲಿ ಗುಣಿ ತೆಗೆದು, ಒಳಗಿನ ಗೋಡೆಯಲ್ಲಿ ಒಂದು ಗೂಡು ಮಾಡಿದ್ದರು. ಮುತ್ಯಾನನ್ನು ಅದರೊಳಗೆ ಕಾಲು ಮಡಚಿ ಕೂರಿಸಿದರು. ಪಡಸಾಲೆಯಲ್ಲಿ ದಿನವೂ ಕೂರುತ್ತಿದ್ದ ಹಾಗೆಯೇ. ಹಣೆಗೆ ವಿಭೂತಿ ಹಚ್ಚಿದರು. ಅಯ್ಯನವರು ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟರು. ಕೈ ಬಿರುಸಾಗಿತ್ತು, ಲಿಂಗ ನಿಲ್ಲಲಿಲ್ಲ. ಆಗ ಅಣ್ಣ ಗುಣಿಗೆ ಇಳಿದ. ಅವನಿಗೆ ಇಪ್ಪತ್ತು ವರ್ಷ. ಮುತ್ಯಾನ ಎದುರು ಮಂಡಿಯೂರಿ ಕೂತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದ. ಅವನ ಕೈಯ ಬಿಸಿಗೋ ಏನೋ, ಬೆರಳುಗಳು ಸ್ವಲ್ಪ ಸಡಿಲವಾದವು. ಅವನು ಅವನ್ನು ಒಂದೊಂದಾಗಿ ಲಿಂಗದ ಸುತ್ತ ಮಡಚಿದ. ಆಮೇಲೆ ಬಿಳಿ ಬಟ್ಟೆಯಿಂದ ಕಟ್ಟಿ, ಒಂದು ಬಿಲ್ವಪತ್ರೆ ಇಟ್ಟು, ಮೇಲೆ ಬಂದ.